ಎಂಬತ್ತೇಳು

ಹಾಸನದ ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ
ಡಾಕ್ಟರಮ್ಮ ಕೇಳಿದರು: ದಿನಾ ಕೊಡ್ತೀರಾ?
ಹೂಂ ಅಂದೆ.
ಪಕ್ಕದಲ್ಲಿ ಕೂತ ಇಂಚರ ನನಗಿಂತ ಜೋರಾಗಿ
ಹೂಂ ಅಂದಳು.
ಒಂದು ಸುಳ್ಳಿಗೆ ಎರಡು ಕಾಲು. ನಿಂತುಕೊಂಡಿತು.

ಅವರು ಪಂಪನ್ನು ಕೈಗೆ ತಗೊಂಡು
ಬೆನ್ನು ತಿರುಗಿಸಿ ನೋಡಿದರು.
ಅಲ್ಲೊಂದು ಕಿಟಕಿಯಿದೆ, ಅಕ್ಕಿಕಾಳಿನಷ್ಟು;
ಅದರೊಳಗೆ ಅಂಕಿಯೊಂದು ಕೂತು
ನಮ್ಮ ಮನೆಯನ್ನು ನೋಡುತ್ತಿರುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.
ಎಂಬತ್ತೇಳು, ಎಂದು ಓದಿದರು. ಬೈಯಲಿಲ್ಲ.
ನೂರಿಪ್ಪತ್ತರಿಂದ ಶುರುವಾಗಿದ್ದು.
ಬೆಳಿಗ್ಗೆ ಎರಡು, ರಾತ್ರಿ ಎರಡು,
ತಿಂಗಳಿಗೆ ಖಾಲಿಯಾಗಬೇಕಿತ್ತು.
ತಿಂಗಳು ಮುಗಿದು ಹತ್ತು ದಿನವಾಗಿತ್ತು.

ಬೈದಿದ್ದರೆ ಹೇಳುತ್ತಿದ್ದೆನೇನೋ.

ಆರೂಮುಕ್ಕಾಲಿಗೆ ತಣ್ಣೀರುಹಳ್ಳದ ತಿರುವಿಗೆ
ಗಾರ್ಮೆಂಟ್ಸ್ ವ್ಯಾನು ಬರುತ್ತದೆ ಮೇಡಂ.
ತಪ್ಪಿದರೆ ಅರ್ಧ ದಿನದ ಸಂಬಳ.
ಧನುರ್ಮಾಸದ ಚಳಿಗೆ ಕಂಬಳಿಯಲ್ಲಿ ಮುದುಡಿ
ಸದ್ದಿಲ್ಲದೆ ಉಸಿರಾಡುವ ಮಗುವನ್ನು,
ಸದ್ದಿಲ್ಲದೆ, ಮೇಡಂ, ಅದೇ ಮಾತು,
ಎಬ್ಬಿಸಿ ಕೂರಿಸಿ, ಬಾಯಿಗೆ ಆ ಪ್ಲಾಸ್ಟಿಕ್ ಬುರುಡೆ ಹಿಡಿದು
ಕಾಯಿಲೆ ಇದೆ ಕಣೇ ನಿಂಗೆ ಅಂತ ನೆನಪಿಸೋಕೆ
ಕೈ ಬರುವುದಿಲ್ಲ.

ನೀಲಿ ಪಂಪಾದರೆ ಬೇರೆ. ಅದರ ಮೇಲೆ ಭಕ್ತಿಯಿದೆ.
ನಡುರಾತ್ರಿ ಪಕ್ಕೆಲುಬು ಒಳಗೆ ಸೇದಿ
ಕತ್ತಿನ ಕೆಳಗೆ ಗುಳಿ ಬಿದ್ದಾಗ
ನಾಲ್ಕು ಸಲ ಒತ್ತಿದರೆ ಮಗು ವಾಪಸ್ ಬರುತ್ತದೆ.
ಈ ಕಂದುಬಣ್ಣದ್ದು?
ಕೊಟ್ಟರೂ ಆಡುತ್ತಾಳೆ, ಕೊಡದಿದ್ದರೂ ಆಡುತ್ತಾಳೆ,
ಒಂದು ವಾರ. ಹತ್ತು ದಿನ.
ಆಮೇಲೆ ಒಂದು ರಾತ್ರಿ.

ಹೆಸರಿಡುವಾಗ ಗೊತ್ತಿರಲಿಲ್ಲ
ಎದೆಯೊಳಗೂ ಹಕ್ಕಿ ಕೂರುತ್ತದೆಂದು.

ನಾದಿನಿ ಅಂದಳು, ಅಭ್ಯಾಸ ಆಗ್ಬಿಟ್ರೆ ಬಿಡಲ್ಲ ಅತ್ತಿಗೆ,
ನಾಳೆ ಹೆಣ್ಣು ನೋಡೋಕೆ ಬಂದೋರಿಗೆ ಏನಂತ ಹೇಳ್ತೀಯ?
ಎಂಟು ವರ್ಷದ ಮಗು. ನಕ್ಕೆ.
ನಕ್ಕ ಮೇಲೂ ಪಂಪನ್ನು
ಅಕ್ಕಿ ಡಬ್ಬದ ಹಿಂದಕ್ಕೆ ಸರಿಸಿದೆ.
ಶುಂಠಿ ಲೋಡು ಹಾಕಿಕೊಂಡು ಘಾಟಿ ಇಳಿದ ಇವರು
ಫೋನಿನಲ್ಲಿ ಕೇಳುವುದು ಒಂದೇ: ಕೆಮ್ಮು ಇದೆಯಾ?
ಇಲ್ಲ ಅಂದರೆ, ಮತ್ಯಾಕೆ ಔಷಧಿ?

ಇದ್ಯಾವುದನ್ನೂ ಹೇಳಲಿಲ್ಲ.
ಚೀಟಿ ಮಡಿಸಿಕೊಂಡು ಹೊರಗೆ ಬಂದೆ.

ಬಿ.ಎಂ. ರಸ್ತೆಯ ಬಸ್ಸಿನಲ್ಲಿ
ಇಂಚರ ಬೆರಳು ಮಡಿಸುತ್ತಿದ್ದಳು.
ಅಮ್ಮ, ನೂರಿಪ್ಪತ್ತರಲ್ಲಿ ಎಂಬತ್ತೇಳು ಹೋದ್ರೆ ಮೂವತ್ತಮೂರು.
ಹೂಂ.
ಮೂವತ್ತಮೂರು ಬೆಸ. ನಾವು ಎರಡೆರಡೇ ತಾನೆ ಒತ್ತೋದು,
ಬೆಸ ಹೆಂಗೆ ಬಂತು?

ಡಾಕ್ಟರಮ್ಮನಿಗೆ ಕಾಣದ್ದು
ಮೂರನೇ ಕ್ಲಾಸಿಗೆ ಕಂಡಿತು.

ಒಂದು ನಂದು, ಅಂದೆ.
ತಂದ ದಿನ ರಾತ್ರಿ, ನೀನು ಮಲಗಿದ ಮೇಲೆ,
ಹಾಲಿನ ಬಿಸಿಯನ್ನು ಮಣಿಕಟ್ಟಿಗೆ ಬಿಟ್ಟು ನೋಡೋ ಹಾಗೆ
ನನ್ನ ಬಾಯಿಗೇ ಒಂದು ಒತ್ತಿಕೊಂಡೆ.
ಹೆಂಗಿತ್ತು?
ತಣ್ಣಗೆ. ಆಮೇಲೆ ಏನೂ ಆಗ್ಲಿಲ್ಲ.
ನಂಗೂ ಏನೂ ಆಗಲ್ಲ, ಅಂದಳು.
ಎರಡು ಸ್ಟಾಪು ದಾಟಿದ ಮೇಲೆ, ಕಿಟಕಿಗೆ ಹೇಳುವಂತೆ:
ಅದನ್ನ ತಗೊಂಡ ವಾರ
ಕಬಡ್ಡಿ ಆಡಿದ್ರೂ ಏನೂ ಆಗಲ್ಲ.

ಕಂಡಕ್ಟರ್ ಟಿಕೆಟ್ ಕೇಳಿದ.
ಕೊಟ್ಟಿದ್ದೆನೋ ಇಲ್ಲವೋ, ನೆನಪಾಗಲಿಲ್ಲ.

ಆ ರಾತ್ರಿ ಎಂಬತ್ತೈದಾಯಿತು. ರಾತ್ರಿಯದು ಸುಲಭ.

ಇವತ್ತು ಬೆಳಿಗ್ಗೆ ಅದು
ಹಲ್ಲುಜ್ಜುವ ಬ್ರಶ್ಶುಗಳ ಲೋಟದಲ್ಲಿತ್ತು.
ಇಟ್ಟದ್ದು ನಾನಲ್ಲ.
ಎಬ್ಬಿಸಿದೆ. ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು,
ಗೂಡಿನ ಮರಿಯ ಹಾಗೆ, ಸಿಟ್ಟಿನಿಂದ.
ಎಂಬತ್ತನಾಲ್ಕು.
ಉಸಿರು ಹಿಡಿದು ಹತ್ತು ಎಣಿಸಬೇಕು.
ನಾನು ಬೆರಳೆತ್ತುತ್ತಿದ್ದೇನೆ,
ಅವಳು ಒಂದೇ ಕಣ್ಣು ತೆರೆದು ನೋಡುತ್ತಿದ್ದಾಳೆ,
ಮೋಸ ಮಾಡಿ ಎರಡು ಬೆರಳು ಒಟ್ಟಿಗೆ ಎತ್ತುತ್ತೇನೋ ಎಂದು.
ಆರಕ್ಕೆ ವ್ಯಾನಿನ ಹಾರ್ನು.
ಏಳು.
ಮತ್ತೆ ಹಾರ್ನು.
ಹೊಡೀಲಿ.
ಇನ್ನೊಂದು ಒತ್ತುವುದಿದೆ.